ಅಡುಗೆ ಕಟ್ಟೆಯಿಂದ ಬಸದಿಹಳ್ಳಿಯ ಕಂಬದವರೆಗೆ

ಮೈಸೂರಿನಿಂದ ಹಾಸನಕ್ಕೆ ಬರುವ ಸಂಜೆಯ ಕೆಂಪು ಬಸ್ಸಿನಲ್ಲಿ ನನಗೆ ಯಾವಾಗಲೂ ಕಿಟಕಿ ಸೀಟೇ ಬೇಕು. ಹೋದ ತಿಂಗಳು ಊರಿಗೆ ಬರುವಾಗ ಕೆ.ಆರ್. ನಗರ ದಾಟುವ ಹೊತ್ತಿಗೆ ಕತ್ತಲಾಯಿತು. ಕಂಡಕ್ಟರ್ ಒಳಗಿನ ಲೈಟ್ ಹಾಕಿದರು. ಕಿಟಕಿ ಗಾಜಿನಲ್ಲಿ ನನ್ನ ಮುಖ ಬಂತು. ಮುಂದೆ ಯಾವುದೋ ಊರಿನಲ್ಲಿ ಒಂದು ಬೇಕರಿ, ಟ್ಯೂಬ್‌ಲೈಟು ಉರಿಯುತ್ತಿತ್ತು. ಬಸ್ಸು ಅದರ ಮುಂದೆ ಹಾದಾಗ ನನ್ನ ಮುಖ ಅಳಿಸಿಹೋಗಿ ಬೇಕರಿಯ ಗಾಜಿನ ಡಬ್ಬಿಗಳು ಕಂಡವು. ಬೇಕರಿ ಹಿಂದೆ ಹೋಯಿತು, ಮುಖ ವಾಪಸ್ ಬಂತು. ಹೊಳೆನರಸೀಪುರದವರೆಗೂ ಇದನ್ನೇ ನೋಡುತ್ತಾ ಬಂದೆ.

ಈ ಸೆಮಿಸ್ಟರ್‌ನಲ್ಲಿ ನಮಗೆ ಫೋಟೊಗ್ರಫಿ ಪೇಪರ್ ಇದೆ. 'ಪ್ರತಿಬಿಂಬ' ಅನ್ನುವ ವಿಷಯದ ಮೇಲೆ ಐದು ಫೋಟೊ ಕೊಡಬೇಕು. ಮೊದಲ ಸಲ ಕುಕ್ಕರಹಳ್ಳಿ ಕೆರೆಗೆ ಹೋಗಿ, ನೀರಿನಲ್ಲಿ ಮರ, ನೀರಿನಲ್ಲಿ ಮೋಡ ಅಂತ ತೆಗೆದುಕೊಂಡು ಹೋಗಿದ್ದೆ. ಸರ್ ಒಂದೊಂದನ್ನೂ ನಿಧಾನವಾಗಿ ನೋಡಿದರು. "ಚೆನ್ನಾಗಿವೆ ಕಣಮ್ಮ. ಆದರೆ ಇದನ್ನು ತೆಗೆಯುವಾಗ ನಿನಗೆ ಏನು ಗೊತ್ತಾಯ್ತು?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಬಸ್ಸಿನ ಕಿಟಕಿ ನೋಡುವಾಗ ಆ ಪ್ರಶ್ನೆ ಮತ್ತೆ ನೆನಪಾಯಿತು.

ಗಾಜಿಗೆ ನೇರವಾಗಿ ಬಿದ್ದ ಬೆಳಕಿನಲ್ಲಿ ಅದರ ಒಂದೊಂದು ಮೈಯಿಂದ ವಾಪಸ್ ಬರೋದು ನೂರಕ್ಕೆ ಸುಮಾರು ನಾಲ್ಕು ಪಾಲು. ಹಗಲಲ್ಲೂ ಅಷ್ಟೇ, ರಾತ್ರಿಯಲ್ಲೂ ಅಷ್ಟೇ. ಹಗಲಲ್ಲಿ ಹೊರಗಿನ ಬೆಳಕು ಆ ನಾಲ್ಕು ಪಾಲನ್ನು ಮುಳುಗಿಸಿಬಿಡುತ್ತದೆ. ರಾತ್ರಿ ಮುಳುಗಿಸುವವರು ಯಾರೂ ಇಲ್ಲ. ಅಂದರೆ ನನ್ನ ಮುಖ ಕಾಣಿಸಿದ್ದಕ್ಕೆ ಗಾಜಿನ ಹೊಳಪಿನಷ್ಟೇ ಅದರ ಹಿಂದಿದ್ದ ಕತ್ತಲೆಯೂ ಕಾರಣ. ಶಾಲೆಯಲ್ಲಿ ಬೆಳಕಿನ ಪಾಠ ಓದಿದ್ದೆ, ಕೋನ ಅಳೆದು ಗೆರೆ ಎಳೆದಿದ್ದೆ. ಕತ್ತಲೆಗೂ ಇದರಲ್ಲಿ ಕೆಲಸ ಇದೆ ಅಂತ ಹೊಳೆದಿರಲಿಲ್ಲ.

ಮನೆಗೆ ಬಂದ ಮಾರನೇ ಬೆಳಿಗ್ಗೆಯೇ ಪರೀಕ್ಷೆ ಮಾಡಿದೆ. ನಮ್ಮ ಅಡುಗೆ ಕಟ್ಟೆ ಕಪ್ಪು ಗ್ರಾನೈಟು. ಮನೆ ಕಟ್ಟಿದಾಗ ಉಳಿದಿದ್ದ ಬಿಳಿ ಟೈಲ್ ಒಂದು ಅಟ್ಟದಲ್ಲಿತ್ತು. ಅದನ್ನು ತೊಳೆದು ಕಟ್ಟೆಯ ಮೇಲಿಟ್ಟೆ. ಟೈಲ್ ಮೇಲೆ ಒಂದು ನಿಂಬೆಹಣ್ಣು, ಪಕ್ಕದಲ್ಲಿ ಗ್ರಾನೈಟ್ ಮೇಲೆ ಇನ್ನೊಂದು. ಎರಡಕ್ಕೂ ಒಂದೇ ಕಿಟಕಿಯ ಬೆಳಕು. ಎರಡೂ ಕೈ ಜಾರುವಷ್ಟು ನುಣುಪು. ಗ್ರಾನೈಟ್‌ನಲ್ಲಿ ನಿಂಬೆಹಣ್ಣಿನ ತೊಟ್ಟಿನ ಗುರುತು ಸಮೇತ ಬಿಂಬ ಬಂತು. ಟೈಲ್ ಮೇಲೆ ಸುಮ್ನೆ ಒಂದು ಮಸುಕು ಹಳದಿ. ಬಿಳಿ ಟೈಲ್ ತನ್ನ ಮೇಲೆ ಬಿದ್ದ ಬೆಳಕನ್ನೆಲ್ಲ ಎಲ್ಲಾ ಕಡೆಗೂ ಚೆಲ್ಲುತ್ತದೆ. ಆ ಚೆಲ್ಲಾಟದಲ್ಲಿ ಬಿಂಬ ಕಳೆದುಹೋಗುತ್ತದೆ. ಕಪ್ಪು ಕಲ್ಲು ಉಳಿದ ಬೆಳಕನ್ನು ನುಂಗಿಕೊಂಡು, ಮೈಮೇಲಿನ ಬಿಂಬ ಒಂದನ್ನೇ ಬಿಟ್ಟುಕೊಡುತ್ತದೆ.

ಅಮ್ಮ ಚಟ್ನಿಗೆ ಕಾಯಿ ತುರಿಯುತ್ತಿದ್ದಳು. "ನಿಂಬೆಹಣ್ಣಿಗೆ ಎಷ್ಟು ಫೋಟೊನೇ?" ಅಂದಳು. ಕ್ಯಾಮೆರಾದ ಹಿಂದಿನ ಪರದೆಯಲ್ಲಿ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, "ಅದಕ್ಕೇ ಬಾವಿಯಲ್ಲಿ ಇಣುಕಿದರೆ ಮುಖ ಅಷ್ಟು ಚೆನ್ನಾಗಿ ಕಾಣ್ತಿತ್ತು" ಅಂದಳು. ಅವಳ ತವರಿನ ಬಾವಿ ಈಗ ಮುಚ್ಚಿದೆ. ಆ ಮಾತು ನನ್ನ ನೋಟ್ಸ್‌ನಲ್ಲಿ ಮೊದಲ ಸಾಲಾಗಿ ಬರೆದುಕೊಂಡೆ.

ಸೀನಿಯರ್ ಒಬ್ಬರು ಪೋಲರೈಸರ್ ಫಿಲ್ಟರ್ ಕೊಟ್ಟಿದ್ದರು. ಲೆನ್ಸ್ ಮುಂದೆ ಸಿಕ್ಕಿಸಿ ತಿರುಗಿಸಿದರೆ ನೀರು, ಗಾಜು, ಎಲೆಗಳ ಮೇಲಿನ ಹೊಳಪು ಕಡಿಮೆಯಾಗುತ್ತದೆ. ಒಂದು ಸ್ಟೀಲ್ ಚೊಂಬನ್ನು ಕಟ್ಟೆಯ ಮೇಲಿಟ್ಟು, ಕ್ಯಾಮೆರಾವನ್ನು ಓರೆಯಾಗಿ, ಕಟ್ಟೆಯ ಮಟ್ಟದಿಂದ 35 ಡಿಗ್ರಿಯಷ್ಟು ಮೇಲೆ ಹಿಡಿದು ಫಿಲ್ಟರ್ ತಿರುಗಿಸಿದೆ. ಗ್ರಾನೈಟ್‌ನಲ್ಲಿದ್ದ ಚೊಂಬಿನ ಬಿಂಬ ಕರಗುತ್ತಾ ಕರಗುತ್ತಾ ಮಾಯವಾಯಿತು. ಆದರೆ ಚೊಂಬಿನ ಹೊಟ್ಟೆಯ ಮೇಲೆ ಹೊಳೆಯುತ್ತಿದ್ದ ಕಿಟಕಿ ಹಾಗೇ ಇತ್ತು! ಕಲ್ಲು, ಗಾಜು, ನೀರಿನಿಂದ ಓರೆಯಾಗಿ ಬರುವ ಬೆಳಕಿನ ಅಲೆಗಳು ಹೆಚ್ಚಾಗಿ ಒಂದೇ ದಿಕ್ಕಿನಲ್ಲಿ ಅಲುಗುತ್ತವೆ. ಆ ದಿಕ್ಕನ್ನು ಫಿಲ್ಟರ್ ತಡೆಯಬಲ್ಲದು. ಲೋಹದ ಪ್ರತಿಫಲನದಲ್ಲಿ ಹಾಗಾಗುವುದು ತೀರಾ ಕಡಿಮೆ, ಹಾಗಾಗಿ ಅಲ್ಲಿ ಫಿಲ್ಟರಿನ ಆಟ ನಡೆಯುವುದಿಲ್ಲ. ಒಂದೇ ಚೌಕಟ್ಟಿನಲ್ಲಿ ಒಂದು ಬಿಂಬ ಹೋಗಿ ಇನ್ನೊಂದು ಉಳಿದಿದ್ದನ್ನು ನೋಡಿ ಮೈ ಜುಮ್ಮೆಂದಿತು. (ಕ್ಯಾಮೆರಾ ಜೊತೆಗೇ ಬಂದ ನನ್ನ ಕಿಟ್ ಲೆನ್ಸ್‌ನಲ್ಲಿ ಫೋಕಸ್ ಮಾಡುವಾಗ ಮುಂಭಾಗವೂ ತಿರುಗುತ್ತದೆ, ಜೊತೆಗೆ ಫಿಲ್ಟರ್ ಕೂಡ. ಅಂಥ ಲೆನ್ಸ್ ಇರುವವರು ಮೊದಲು ಫೋಕಸ್ ಮಾಡಿ, ಆಮೇಲೆ ಫಿಲ್ಟರ್ ತಿರುಗಿಸಿ.)

ಕಪ್ಪು, ನುಣುಪು, ಕಲ್ಲು. ಹಾಸನದ ಹುಡುಗಿಗೆ ಮುಂದಿನ ಜಾಗ ಯಾರೂ ಹೇಳಬೇಕಿಲ್ಲ, ಅಲ್ವಾ? ಭಾನುವಾರ ಬೆಳಿಗ್ಗೆ ಹಳೇಬೀಡಿನ ಬಸ್ ಹತ್ತಿದೆ.

ಹೊಯ್ಸಳೇಶ್ವರ ದೇವಸ್ಥಾನದಿಂದ ಬಸದಿಹಳ್ಳಿಗೆ ನಡೆದೇ ಹೋಗಬಹುದು. ಅಲ್ಲಿರುವ ಮೂರು ಬಸದಿಗಳಲ್ಲಿ ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ಬೊಪ್ಪದೇವ ತನ್ನ ತಂದೆ, ಹೊಯ್ಸಳರ ದಂಡನಾಯಕ ಗಂಗರಾಜನ ನೆನಪಿಗೆ ಕಟ್ಟಿಸಿದ. ಒಳಗಿನ ನವರಂಗದ, ಅಂದರೆ ಗರ್ಭಗುಡಿಯ ಮುಂದಿನ ಮಂಟಪದ, ಕಂಬಗಳು ಬಳಪದ ಕಲ್ಲಿನವು. ಕಡೆದು, ಉಜ್ಜಿ ಕನ್ನಡಿ ಮಾಡಿಟ್ಟಿದ್ದಾರೆ. ಒಂಬೈನೂರು ವರ್ಷ ಹತ್ತಿರ ಬಂದರೂ ಹೊಳಪು ಹೋಗಿಲ್ಲ. ನಾಲ್ಕನೇ ಕ್ಲಾಸಿನ ಪ್ರವಾಸದಲ್ಲಿ ನಾವೆಲ್ಲ ಇಲ್ಲಿ ಸಾಲಾಗಿ ನಿಂತು ಮುಖ ನೋಡಿಕೊಂಡಿದ್ದೆವು.

ಈ ಸಲ ಬಾಗಿಲಿಗೆ ಬೆನ್ನು ಮಾಡಿ ಕಂಬದ ಮುಂದೆ ನಿಂತೆ. ಕಂಬದಲ್ಲಿ ಬಾಗಿಲಿನ ಬೆಳಕು ಉದ್ದಕ್ಕೆ ಒಂದು ಬಿಳಿ ಪಟ್ಟಿಯಾಗಿ ಬಂತು. ನಾನು ಅದರ ಪಕ್ಕದಲ್ಲಿ ಒಂದು ಕಪ್ಪು ಗೆರೆ. ಅಲ್ಲಿ ಕಾವಲಿಗಿದ್ದ ಹಿರಿಯರು ಸ್ವಲ್ಪ ಹೊತ್ತು ನೋಡಿ ಹೇಳಿದರು: "ಆ ಕಡೆಯಿಂದ ಬಾರಮ್ಮ. ಕಂಬ ಬಾಗಿಲಿಗೂ ನಿನಗೂ ಮಧ್ಯ ಇರಬೇಕು. ಬೆಳಕು ಕಂಬದ ಮೇಲಲ್ಲ, ನಿನ್ನ ಮೇಲೆ ಬೀಳಬೇಕು."

ಕಂಬದ ಆಚೆಗೆ ಹೋಗಿ ಬಾಗಿಲಿನ ಕಡೆ ಮುಖ ಮಾಡಿ ನಿಂತೆ. ಕಂಬದ ನನ್ನ ಕಡೆಯ ಮೈ ಕತ್ತಲೆ. ನನ್ನ ಮುಖದ ಮೇಲೆ ಬಾಗಿಲಿನ ಬೆಳಕು. ಕಲ್ಲಿನಲ್ಲಿ ನಾನು ಬಂದೆ, ಸಣ್ಣಗೆ, ಉದ್ದವಾಗಿ. ಅದೇ ಕಂಬ ಒಳಕ್ಕೆ ಬಾಗಿದ ಜಾಗದಲ್ಲಿ ತಲೆಕೆಳಗಾಗಿ ಇನ್ನೊಬ್ಬಳು ನಾನು. ಬಸ್ಸಿನ ಕಿಟಕಿಯಲ್ಲಿ ನಾನು ಲೆಕ್ಕ ಹಾಕಿ ಅರ್ಥ ಮಾಡಿಕೊಂಡಿದ್ದನ್ನು ಅವರು ದಿನಾ ನೋಡಿ ನೋಡಿ ತಿಳಿದುಕೊಂಡಿದ್ದರು.

ಫಿಲ್ಟರ್ ಹಾಕಿ ತಿರುಗಿಸಿದೆ. ಏನೂ ಆಗಲಿಲ್ಲ. ಮತ್ತೆ ತಿರುಗಿಸಿದೆ. ನನ್ನ ಬಿಂಬ ಅಲುಗಲಿಲ್ಲ. ಕಟ್ಟೆಯ ಮೇಲೆ ಕೆಲಸ ಮಾಡಿದ್ದು ಇಲ್ಲಿ ಯಾಕಿಲ್ಲ ಅಂತ ಹತ್ತು ನಿಮಿಷ ಯೋಚಿಸಿದೆ. ಆಮೇಲೆ ಹೊಳೆಯಿತು. ನಮ್ಮ ಬಿಂಬವನ್ನು ನಾವು ನೋಡುವಾಗ ನೇರವಾಗಿಯೇ ನೋಡುತ್ತೇವೆ. ನೇರವಾಗಿ ಹೋಗಿ ನೇರವಾಗಿ ಬಂದ ಬೆಳಕಿನ ಮೇಲೆ ಫಿಲ್ಟರಿಗೆ ಹಿಡಿತ ಇಲ್ಲ. ಪಕ್ಕಕ್ಕೆ ಸರಿದು, ಕಂಬದ ಅಂಚಿನ ಕಡೆ ಓರೆಯಾಗಿ ಬರುತ್ತಿದ್ದ ಬಾಗಿಲಿನ ಬಿಂಬ ನೋಡುತ್ತಾ ತಿರುಗಿಸಿದೆ. ಬಿಳಿ ಪಟ್ಟಿ ಮಂಕಾಯಿತು, ಅದರ ಕೆಳಗಿದ್ದ ಕಲ್ಲಿನ ಬಣ್ಣ, ಸಣ್ಣ ಗೀರುಗಳು ಮೇಲೆ ಬಂದವು. ಇನ್ನೂ ಕಾಲು ಸುತ್ತು ತಿರುಗಿಸಿದರೆ ಗೀರು ಹೋಗಿ ಬಾಗಿಲು ಮೊದಲಿಗಿಂತ ಜಾಸ್ತಿ ಹೊಳೆಯಿತು.

ಇಂಥ ಸ್ಮಾರಕಗಳಲ್ಲಿ ಅನುಮತಿ ಇಲ್ಲದೆ ಟ್ರೈಪಾಡ್ ಇಡುವ ಹಾಗಿಲ್ಲ. ನೆಲದ ಮೇಲೆ ಕೂತು, ಮೊಣಕೈಗಳನ್ನು ಮೊಣಕಾಲಿಗೆ ಊರಿ, ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆಯನ್ನು (ಐಎಸ್ಒ) 3200ಕ್ಕೆ ಏರಿಸಿ, ಸೆಕೆಂಡಿನ 15ನೇ ಒಂದು ಭಾಗದ ಶಟರ್‌ನಲ್ಲಿ ಉಸಿರು ಹಿಡಿದು ತೆಗೆದೆ. ಸುಮಾರು ಅರವತ್ತರಲ್ಲಿ ನಾಲ್ಕು ಅಲುಗದೆ ಬಂದಿವೆ. ಅದರಲ್ಲಿ ಎರಡನ್ನು ಜೋಡಿಯಾಗಿ ಕೊಡುತ್ತೇನೆ: ಒಂದರಲ್ಲಿ ಕಲ್ಲು, ಇನ್ನೊಂದರಲ್ಲಿ ಬಾಗಿಲು. ಮೂರನೆಯದು ಕಟ್ಟೆಯ ಚೊಂಬು, ನಾಲ್ಕನೆಯದು ಎರಡು ನಿಂಬೆಹಣ್ಣು.

ಐದನೆಯದು ಇನ್ನೂ ಆಗಿಲ್ಲ. ಈ ಭಾನುವಾರ ಅಮ್ಮನೂ ಬಸದಿಗೆ ಬರುತ್ತಾಳೆ. ಗಾಢ ಹಸಿರಿನ ರೇಷ್ಮೆ ಸೀರೆ ತೆಗೆದಿಟ್ಟಿದ್ದಳು. ಅದು ಬೇಡಮ್ಮ, ಆ ನಿಂಬೆಹಣ್ಣಿನ ಬಣ್ಣದ್ದು ಉಡು ಅಂದಿದ್ದೇನೆ.