ಟೆರೇಸ್ ಮೇಲೆ ಬ್ರೊಮೆಲಿಯಾಡ್: ಈ ಚಳಿಗಾಲದ ಲೆಕ್ಕ

ನವೆಂಬರ್. ಒಟ್ಟು 11 ಕುಂಡ ಬ್ರೊಮೆಲಿಯಾಡ್, ಎಲೆಗಳು ಸುತ್ತ ಕೂಡಿ ನಡುವೆ ಬಟ್ಟಲಿನಂತಾಗುವ ಅಲಂಕಾರದ ಗಿಡ. ಆರು ನಿಯೊರೆಗೇಲಿಯಾ, ಮೂರು ಬಿಲ್‌ಬರ್ಜಿಯಾ ನ್ಯೂಟಾನ್ಸ್, ಎರಡು ಗುಜ್ಮೇನಿಯಾ. ಹೋದ ವರ್ಷ ಚಳಿಗೆ ಹೆದರಿ ಎಲ್ಲವನ್ನೂ ಹಾಲ್‌ಗೆ ತಂದಿಟ್ಟಿದ್ದೆ. ಕೆಂಪಗಿದ್ದ ನಿಯೊರೆಗೇಲಿಯಾ ಬೆಳಕಿಲ್ಲದೆ ಹಸಿರಾಗಿ, ಎಲೆ ಉದ್ದಕ್ಕೆ ಜೋತುಬಿದ್ದು, ಥೇಟ್ ಕೇದಗೆ ಪೊದೆ. ಈ ಸಲ ಒಂದನ್ನೂ ಕೆಳಗಿಳಿಸಿಲ್ಲ. ಮೈಸೂರಲ್ಲಿ ಹಿಮವಂತೂ ಬೀಳುವುದಿಲ್ಲ, ಬಿಲ್‌ಬರ್ಜಿಯಾ ಸೊನ್ನೆಗಿಂತ ಕೆಳಗಿನ ಚಳಿಯನ್ನೂ ಸ್ವಲ್ಪ ಹೊತ್ತು ತಡೆಯುವ ಗಿಡ, ನಮ್ಮ 14–15 ಡಿಗ್ರಿ ಅದಕ್ಕೆ ಯಾವ ಲೆಕ್ಕ?

ಅಮ್ಮ ಬಟ್ಟೆ ಒಣಹಾಕಲು ಬಂದಾಗಲೆಲ್ಲ ಕೇಳುತ್ತಾರೆ, "ಅನಾನಸ್ ಯಾವಾಗ ಬಿಡುತ್ತೋ ಇದರಲ್ಲಿ?" ಅನಾನಸ್ ಇವುಗಳ ನೆಂಟ ಅಷ್ಟೇ ಅಂತ ನಾನು, ನೆಂಟರಿಂದ ಏನು ಪ್ರಯೋಜನ ಅಂತ ಅವರು.

ಡಿಸೆಂಬರ್. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ, ಇಲ್ಲಿ ಮೂರು ದಿನ ಜಿಟಿಜಿಟಿ. ಬಿಸಿಲೇ ಇಲ್ಲ. ನಾಲ್ಕನೇ ದಿನ ಒಂದು ಗುಜ್ಮೇನಿಯಾದ ಸುಳಿ ಸ್ವಲ್ಪ ಕಂದಿದಂತೆ ಕಂಡಿತು. ಸುಮ್ನೆ ಹಿಡಿದು ನೋಡಿದೆ. ಎಳೆಯಲೂ ಇಲ್ಲ, ನಡುವಿನ ನಾಲ್ಕು ಎಲೆ ಹಾಗೇ ಕೈಗೆ ಬಂತು. ಬುಡ ಕಂದು ಲೋಳೆ, ಕೊಳೆತ ಎಲೆಕೋಸಿನ ವಾಸನೆ.

ಚಳಿ ಅಂತ ಹೇಳಿಬಿಟ್ಟರೆ ಸುಲಭ, ಆದರೆ ತಪ್ಪು ನನ್ನದೇ. ಗುಜ್ಮೇನಿಯಾಗೆ ಚಳಿ ಆಗಿಬರುವುದಿಲ್ಲ ನಿಜ, ಅದರ ಜೊತೆಗೆ ನರ್ಸರಿಯಿಂದ ತಂದ ಕೊಕೊಪೀಟಲ್ಲೇ (ತೆಂಗಿನ ನಾರಿನ ಪುಡಿ) ಬಿಟ್ಟಿದ್ದೆ, ಅದು ಮೂರು ದಿನ ಒದ್ದೆ ಸ್ಪಂಜಿನಂತೆ ಕೂತಿತ್ತು. ಪಕ್ಕದಲ್ಲೇ ಅದೇ ಮಳೆಯಲ್ಲಿ ನೆನೆದ ನಿಯೊರೆಗೇಲಿಯಾಗಳಿಗೆ ಏನೂ ಆಗಿಲ್ಲ. ಅವು ತೆಂಗಿನ ಮಟ್ಟೆ ಚೂರು, ಇಟ್ಟಿಗೆ ಚೂರು, ಇದ್ದಿಲಿನಲ್ಲಿವೆ, ನೀರು ಹಾಕಿದಷ್ಟೇ ಬೇಗ ಇಳಿದುಹೋಗುತ್ತದೆ. ಉಳಿದ ಗುಜ್ಮೇನಿಯಾವನ್ನು ಅವತ್ತೇ ಅದಕ್ಕೆ ಬದಲಿಸಿ, ಸೂರಿನ ಕೆಳಗಿಟ್ಟೆ.

ಕೊಳೆಗೆ ಬೋರ್ಡೋ ದ್ರಾವಣ ಹೊಡಿ ಅಂದರು, ಅಡಿಕೆ ತೋಟವಿರುವ ನಮ್ಮ ಭಾವ. ಹೊಡೆಯಬೇಡಿ. ಅದರಲ್ಲಿರುವ ಮೈಲುತುತ್ತು ತಾಮ್ರದ್ದು, ತಾಮ್ರ ಬ್ರೊಮೆಲಿಯಾಡ್‌ಗೆ ವಿಷ. ಅಡಿಕೆಗೆ ಸರಿ, ಇದಕ್ಕಲ್ಲ.

ಇನ್ನು ಬಟ್ಟಲಿನ ನೀರು. ನಡುವಿನ ಬಟ್ಟಲಲ್ಲಿ ನೀರು ನಿಂತಿರಬೇಕು ಅಂತಾರೆ, ಬೇಸಿಗೆಗೆ ಸರಿ. ಚಳಿಯಲ್ಲಿ ತಳದಲ್ಲಿ ಒಂದಿಷ್ಟು ಬಿಟ್ಟು, ವಾರಕ್ಕೊಮ್ಮೆ ಕುಂಡ ಬಗ್ಗಿಸಿ ಚೆಲ್ಲುತ್ತೇನೆ. ಸೊಳ್ಳೆ ಕಾಟಕ್ಕೂ ಅದೇ ಮದ್ದು. ಬೋರ್ ನೀರು ಹಾಕಿದ ಎರಡು ಗಿಡದ ಎಲೆ ಮೇಲೆ ಬಿಳಿ ಸುಣ್ಣದ ಗೆರೆ ಕೂತಿದೆ, ಉಜ್ಜಿದರೂ ಹೋಗುತ್ತಿಲ್ಲ. ಈಗ ಕಾವೇರಿ ನೀರನ್ನೇ ಹಿಂದಿನ ರಾತ್ರಿ ಬಕೆಟ್‌ನಲ್ಲಿ ಹಿಡಿದಿಟ್ಟು ಹಾಕುತ್ತಿದ್ದೇನೆ.

ಜನವರಿ. ಒಂದು ಬೆಳಗ್ಗೆ ಟೆರೇಸಿನ ಥರ್ಮಾಮೀಟರ್ 12 ತೋರಿಸಿತು, ನಾನು ಮಫ್ಲರ್ ಸುತ್ತಿಕೊಂಡು ನಡುಗುತ್ತಿದ್ದೆ, ನಿಯೊರೆಗೇಲಿಯಾ ಮಾತ್ರ ಹೋದ ಮೂರು ವರ್ಷದಲ್ಲಿ ನಾನು ನೋಡಿರದಷ್ಟು ಕೆಂಪು. ರಾತ್ರಿ ತಂಪು, ಹಗಲು ಒಳ್ಳೆ ಬೆಳಕು, ಅದಕ್ಕೇ ಈ ಬಣ್ಣ. ಹನ್ನೊಂದು ಗಂಟೆ ಮೇಲೆ ಮಾತ್ರ ಶೇಡ್ ನೆಟ್ ಎಳೆಯುತ್ತೇನೆ. ಮರೆತ ಒಂದೇ ದಿನಕ್ಕೆ ಒಂದೆಲೆ ಸುಟ್ಟು ಕಾಗದವಾಯಿತು.

ಸುಳಿ ಹೋದ ಗುಜ್ಮೇನಿಯಾವನ್ನು ಎಸೆಯಲಿಲ್ಲ. ಬುಡದಲ್ಲಿ ಹೆಬ್ಬೆರಳಿನಷ್ಟು ಮರಿಯೊಂದು ಎದ್ದಿದೆ. ತಾಯಿಯ ಮೂರನೇ ಒಂದು ಭಾಗ ಆಗುವವರೆಗೂ ಕೀಳುವಂತಿಲ್ಲ. ನಿನ್ನೆ ಬಿಲ್‌ಬರ್ಜಿಯಾ ಎಲೆಗಳ ನಡುವೆ ಗುಲಾಬಿ ತುದಿ ಇಣುಕಿತು. ಅಮ್ಮನಿಗೆ ತೋರಿಸಿದೆ. "ಅನಾನಸ್ಸಾ?" ಅಂದರು.