ಅವರು ಯಾವಾಗ ಬರ್ತಾರೆ?

ಶನಿವಾರ ರಾತ್ರಿಯಿಂದ ಒಂದೇ ಮಾತು ತಲೆಯಲ್ಲಿ ತಿರುಗುತ್ತಿದೆ. ಶೋ ಮುಗಿದಿತ್ತು, ನಾನು ಕೂತು ಕೇಬಲ್ ಸುತ್ತುತ್ತಿದ್ದೆ. ಒಬ್ಬ ಹುಡುಗ ಬಂದ, 20 ವರ್ಷವೂ ಆಗಿರಲಿಕ್ಕಿಲ್ಲ. ಬ್ಯಾಂಡಿನ ಹಳೆಯ ಟೀ ಶರ್ಟ್ ಹಾಕಿದ್ದ. ಎದೆಯ ಮೇಲಿನ ಅಕ್ಷರ ಅರ್ಧ ಅಳಿಸಿಹೋಗಿತ್ತು. ಕೈ ಕುಲುಕಿ, “ಅಣ್ಣಾ, ಎಡ್ಡೆ ಇತ್ತ್ಂಡ್” ಅಂದ. ಆಮೇಲೆ ಅದೇ ನಗುಮುಖದಲ್ಲಿ, “ಆರ್ ಏಪ ಬರ್ಪೆರ್?”

ಚೆನ್ನಾಗಿತ್ತು ಅಣ್ಣ. ಅವರು ಯಾವಾಗ ಬರ್ತಾರೆ?

ಅವರು ಅಂದರೆ ಬ್ಯಾಂಡಿನ ಮೊದಲ ಬೇಸ್ ಗಿಟಾರಿಸ್ಟ್. ಜನವರಿಯಲ್ಲಿ ದುಬೈಗೆ ಹೋದ. ಕೆಲಸ ಸಿಕ್ಕಿತು, ಹೋದ. ನಮ್ಮ ಊರಲ್ಲಿ ಇದಕ್ಕೆ ಜಾಸ್ತಿ ವಿವರಣೆ ಬೇಡ ಅಲ್ವಾ? ಅವನ ಜಾಗಕ್ಕೆ ನಾನು ಬಂದೆ. ಶನಿವಾರದ್ದು ನಾನು ನುಡಿಸಿದ ಮೊದಲ ಪೂರ್ತಿ ಶೋ. 11 ಹಾಡು, ಒಂದು ಕಡೆಯೂ ತಾಳ ತಪ್ಪಲಿಲ್ಲ. ಹುಡುಗನಿಗೆ ನಾನು “ಗೊತ್ತಿಲ್ಲ ಮಾರಾಯ” ಅಂದೆ, ಮತ್ತೆ ತಲೆ ಬಗ್ಗಿಸಿ ಕೇಬಲ್ ಸುತ್ತಿದೆ. ಸುರತ್ಕಲ್‌ಗೆ ವಾಪಸ್ ಹೋಗುವಾಗ ಕೂಳೂರು ಸೇತುವೆಯ ಮೇಲೆ ಲಾರಿಗಳ ಹಿಂದೆ ಸ್ಕೂಟರ್ ನಿಲ್ಲಿಸಿಕೊಂಡು, ಬೆನ್ನ ಮೇಲೆ ಬೇಸ್ ಹೊತ್ತುಕೊಂಡು, ಬೇರೆ ಏನು ಉತ್ತರ ಕೊಡಬಹುದಿತ್ತು ಅಂತ ಯೋಚಿಸಿದೆ. ಒಂದೂ ಹೊಳೆಯಲಿಲ್ಲ.

ಆರು ವರ್ಷ ಅವರು ನಾಲ್ಕು ಜನ ಮಂಗಳೂರಿನ ಬಿಜೈಯಲ್ಲಿ ಅವನ ಮನೆಯ ಮಾಳಿಗೆ ಕೋಣೆಯಲ್ಲಿ ಕೂತು ಹಾಡು ಕಟ್ಟಿದವರು. ಹಿಂದೆ ಕಂಪನಿ ಇಲ್ಲ, ದುಡ್ಡು ಹಾಕುವವರಿಲ್ಲ. ತಾವೇ ರೆಕಾರ್ಡ್ ಮಾಡಿ ತಾವೇ ಇಂಟರ್ನೆಟ್ಟಿಗೆ ಹಾಕಿದ ಹಾಡುಗಳು, ಕೆಲವು ತುಳು, ಕೆಲವು ಕನ್ನಡ. ಅವನು ಹೋದ ಮೇಲೂ ಪ್ರಾಕ್ಟೀಸ್ ನಡೆಯುವುದು ಅದೇ ಕೋಣೆಯಲ್ಲಿ. ಅವನ ಅಮ್ಮ ಬೇರೆ ಕಡೆ ಹೋಗಲು ಬಿಡುವುದಿಲ್ಲ. “ಮೇಲಿಂದ ಶಬ್ದ ಬರದಿದ್ರೆ ಮನೆ ಮನೆಯ ಹಾಗೆ ಇರುವುದಿಲ್ಲ ಮಗಾ” ಅಂತ ನನಗೆ ಮೊದಲ ದಿನವೇ ಹೇಳಿದರು. ಅವನ ಬೇಸ್ ಚೀಲದಲ್ಲಿ ಆ ಕೋಣೆಯ ಗೋಡೆಗೆ ಒರಗಿ ನಿಂತಿದೆ. ನಾನು ನುಡಿಸುವುದು ಅದರ ಪಕ್ಕದಲ್ಲೇ ಕೂತು.

ರೆಕಾರ್ಡ್ ಕೇಳಿ ಹಾಡೆಲ್ಲ ಕಲಿತುಕೊಂಡು ಹೋಗಿದ್ದೆ. ರೆಕಾರ್ಡಿನ ಹಾಡು ಬೇರೆ, ಕೋಣೆಯ ಹಾಡು ಬೇರೆ ಅಂತ ಹತ್ತೇ ನಿಮಿಷದಲ್ಲಿ ಗೊತ್ತಾಯಿತು. ಹಾಡುವವಳ ಗಂಟಲಿಗೆ ಹಿತವಾಗಲಿ ಅಂತ ಈಗ ಎಲ್ಲರೂ ಅರ್ಧ ಸ್ವರ ಕೆಳಗೆ ಟ್ಯೂನ್ ಮಾಡುತ್ತಾರೆ. ಅದನ್ನು ನನಗೆ ಹೇಳುವುದೇ ಮರೆತಿದ್ದರು, ಅಷ್ಟು ಅಭ್ಯಾಸವಾಗಿಬಿಟ್ಟಿದೆ ಅವರಿಗೆ. ಒಂದು ಹಾಡಿನ ಮಧ್ಯದ ಭಾಗ ರೆಕಾರ್ಡಿನಲ್ಲಿ ನಾಲ್ಕು ಸುತ್ತು. ಇಲ್ಲಿ ಎಷ್ಟು ಸುತ್ತು ಅಂತ ಲೆಕ್ಕವೇ ಇಲ್ಲ, ಡ್ರಮ್ಮರ್ ಎಡ ಭುಜ ಸ್ವಲ್ಪ ಎತ್ತಿದರೆ ಮುಗಿಯಿತು. ಆ ಭುಜವನ್ನು ಗುರುತಿಸಲು ನನಗೆ ಒಂದು ತಿಂಗಳು ಬೇಕಾಯಿತು.

ಇನ್ನೊಂದು ತೊಂದರೆ. ಅವನದು ಐದು ತಂತಿಯ ಬೇಸ್, ನನ್ನದು ನಾಲ್ಕು. ಒಂದು ತುಳು ಹಾಡಿನ ಕೊನೆಯಲ್ಲಿ ಅವನು ಆ ಐದನೇ ತಂತಿಗೆ ಇಳಿಯುತ್ತಿದ್ದನಂತೆ. ಕಿವಿಗಿಂತ ಮೊದಲು ಹೊಟ್ಟೆಗೆ ತಾಗುವ ಶಬ್ದ ಅದು. ಅಷ್ಟು ಕೆಳಗಿನ ಸ್ವರ ನನ್ನ ಬೇಸಿನಲ್ಲಿ ಇಲ್ಲ. ಅದನ್ನೇ ಒಂದು ಸಪ್ತಕ ಮೇಲೆ ನುಡಿಸುತ್ತೇನೆ. ಸ್ವರ ಸರಿ ಇದೆ, ಭಾರ ಇಲ್ಲ. ಹುಡುಗ ಹಿಡಿದದ್ದು ಇದನ್ನೇ ಅಂತ ಭಾನುವಾರವಿಡೀ ನಂಬಿಕೊಂಡಿದ್ದೆ.

ನನ್ನ ಸೋದರಮಾವ ಯಕ್ಷಗಾನ ಮೇಳದಲ್ಲಿ ಮದ್ದಳೆ ಬಾರಿಸುತ್ತಿದ್ದರು. ಅವರಿಗೆ ಇದನ್ನು ಹೇಳಿದರೆ ಅರ್ಥವೇ ಆಗಲಿಲ್ಲ. ಮೇ ಕೊನೆಗೆ ಬರುವ ಪತ್ತನಾಜೆಗೆ ಮೇಳದ ತಿರುಗಾಟ ಮುಗಿಯುತ್ತದೆ, ಮುಂದಿನ ತಿರುಗಾಟಕ್ಕೆ ಒಬ್ಬ ಬೇರೆ ಮೇಳದಲ್ಲಿರುತ್ತಾನೆ, ಅದರಲ್ಲಿ ಎಂತ ಉಂಟು ಅಂತ ಅವರ ಪ್ರಶ್ನೆ. ರಜೆ ಹಾಕಿದವನ ಬದಲಿಗೆ ಸಂಜೆ ಬಂದು ಕೂತವನು ರಿಹರ್ಸಲ್ ಇಲ್ಲದೆ ಬೆಳಗಿನವರೆಗೆ ಬಾರಿಸಿದ್ದನ್ನು ನಾನೂ ನೋಡಿದ್ದೇನೆ. ಅಲ್ಲಿ ಅದು ಸಾಧ್ಯ. ಏಕ, ರೂಪಕ, ತ್ರಿವುಡೆ, ಅಷ್ಟ, ಈ ತಾಳವೆಲ್ಲ ಎಲ್ಲರಿಗೂ ಸೇರಿದ್ದು. ಪ್ರಸಂಗವೂ ಊರಿಗೆಲ್ಲ ಗೊತ್ತಿದ್ದದ್ದೇ. ಭಾಗವತರ ಬಾಯಿ ನೋಡಿಕೊಂಡರೆ ದಾರಿ ಸಿಗುತ್ತದೆ. ನಾಲ್ಕು ಜನರ ಬ್ಯಾಂಡಿನ ಶಾಸ್ತ್ರ ಆ ನಾಲ್ಕು ಜನರ ಒಳಗೇ ಇರುತ್ತದೆ, ಎಲ್ಲೂ ಬರೆದಿಟ್ಟಿರುವುದಿಲ್ಲ. ಒಬ್ಬ ಎದ್ದು ಹೋದರೆ ಅದರ ಕಾಲು ಭಾಗ ಅವನ ಜೊತೆ ವಿಮಾನ ಹತ್ತುತ್ತದೆ.

ಬೇಸ್ ನುಡಿಸುವವರಿಗೆಲ್ಲ ಅಮೆರಿಕದ ಮೆಟಲ್ ಬ್ಯಾಂಡ್ ಮೆಟಾಲಿಕಾದ ಕಥೆ ಗೊತ್ತು. 1986ರಲ್ಲಿ ಸ್ವೀಡನ್‌ನಲ್ಲಿ ಬಸ್ ಅಪಘಾತವಾಗಿ ಅವರ ಬೇಸ್ ಗಿಟಾರಿಸ್ಟ್ ಕ್ಲಿಫ್ ಬರ್ಟನ್ ತೀರಿಕೊಂಡ. ಅವನ ಜಾಗಕ್ಕೆ ಜೇಸನ್ ನ್ಯೂಸ್ಟೆಡ್ ಬಂದ. 1988ರಲ್ಲಿ ಬಂದ ಆಲ್ಬಮ್ಮಿನಲ್ಲಿ ಅವನ ಬೇಸ್ ಹೆಚ್ಚುಕಡಿಮೆ ಕೇಳಿಸುವುದೇ ಇಲ್ಲ, ಮಿಕ್ಸಿಂಗಿನಲ್ಲಿ ಅಷ್ಟು ತಗ್ಗಿಸಿದ್ದರು. ಮೊದಲ ಸಲ ಅದನ್ನು ಹೆಡ್‌ಫೋನ್ ಹಾಕಿ ಕೇಳಿದಾಗ ನನಗೆ ಕೋಪ ಬಂದಿತ್ತು, ಈಗಲೂ ಬರುತ್ತದೆ. ದುಃಖದಲ್ಲಿದ್ದವರು ಹೊಸಬನ ಮೇಲೆ ಅದನ್ನು ಹೀಗೆ ತೀರಿಸಿಕೊಳ್ಳಬಾರದಿತ್ತು. ಆದರೂ ಅವನು 2001ರವರೆಗೆ ಆ ಬ್ಯಾಂಡಿನಲ್ಲಿ ಇದ್ದ.

ನನ್ನ ಕಥೆ ಹಾಗಿಲ್ಲ. ಇಲ್ಲಿ ಯಾರೂ ಸತ್ತಿಲ್ಲ. ಶನಿವಾರ ಸೌಂಡ್ ಚೆಕ್‌ನಲ್ಲಿ ನಮ್ಮ ಹಾಡುವವಳು ಮೈಕ್‌ನಲ್ಲೇ “ಬೇಸ್ ಜಾಸ್ತಿ ಮಾಡಿ, ಇನ್ನೂ ಸ್ವಲ್ಪ” ಅಂದಳು, ಎರಡು ಸಲ. ಅವಳಷ್ಟು ದೊಡ್ಡ ಮನಸ್ಸಿನವರನ್ನು ನಾನು ಸಂಗೀತದಲ್ಲಿ ಕಡಿಮೆ ನೋಡಿದ್ದೇನೆ. ಗಿಟಾರ್ ನುಡಿಸುವವನು ಮಾತ್ರ ಪ್ರತಿ ಪ್ರಾಕ್ಟೀಸಿನಲ್ಲೂ ಒಮ್ಮೆಯಾದರೂ “ಅವನು ಇಲ್ಲಿ ಹೀಗೆ ಮಾಡ್ತಿದ್ದ” ಅನ್ನುತ್ತಾನೆ. ಮೊದಮೊದಲು ಅದು ಚುಚ್ಚುತ್ತಿತ್ತು. ಒಂದು ದಿನ ಅವನು ಹೇಳಿದ ಹಾಗೇ ನುಡಿಸಿ ತೋರಿಸಿದೆ. ಅವನ ಮುಖದಲ್ಲಿ ಖುಷಿ ಕಾಣಲಿಲ್ಲ. ಅವನಿಗೆ ಬೇಕಾಗಿದ್ದದ್ದು ಆ ಸ್ವರಗಳಲ್ಲ, ಶಾಲೆಯಿಂದ ಜೊತೆಗಿದ್ದ ಗೆಳೆಯ. ಅದನ್ನು ನಾನು ಎಲ್ಲಿಂದ ತಂದು ಕೊಡಲಿ?

ಮೊನ್ನೆಯಿಂದ ಇದು ಬ್ಯಾಂಡಿಗೆ ಮಾತ್ರ ಸಂಬಂಧಿಸಿದ್ದಲ್ಲ ಅನ್ನಿಸುತ್ತಿದೆ. ನಮ್ಮ ಕರಾವಳಿಯಲ್ಲಿ ಯಾವ ತಂಡ ನೋಡಿದರೂ ಹೀಗೇ. ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ಹಿಡಿಯುತ್ತಿದ್ದವನು ಬೆಂಗಳೂರಿನಲ್ಲಿದ್ದಾನೆ. ಚರ್ಚಿನ ಗಾಯನ ತಂಡದಲ್ಲಿ ಕೀಬೋರ್ಡ್ ನುಡಿಸುತ್ತಿದ್ದವಳು ಮಸ್ಕತ್ತಿನಲ್ಲಿ. ನಮ್ಮ ಕ್ರಿಕೆಟ್ ತಂಡದಲ್ಲಿ ವಿಕೆಟ್ ಹಿಂದೆ ನಿಲ್ಲಲು ಮೂರು ವರ್ಷದಲ್ಲಿ ಐದು ಜನ ಬದಲಾದರು. ನಮ್ಮಜ್ಜನ ಕಾಲದಲ್ಲಿ ಮುಂಬೈ, ಆಮೇಲೆ ಗಲ್ಫ್, ಈಗ ಕೆನಡಾ ಅಂತೆ. ಹೋದವರ ಬಗ್ಗೆ ನಾವು ತುಂಬಾ ಮಾತಾಡುತ್ತೇವೆ, ಎಷ್ಟು ಸಂಬಳ, ಮನೆ ಕಟ್ಟಿದರಾ, ಮದುವೆ ಯಾವಾಗ. ಅವರು ಎದ್ದ ಜಾಗದಲ್ಲಿ ಬಂದು ಕೂತವರನ್ನು ಯಾರೂ ಕೇಳುವುದಿಲ್ಲ. ಅವರು ಕೂರದಿದ್ದರೆ ಭಜನೆಯೂ ಇಲ್ಲ, ಮ್ಯಾಚೂ ಇಲ್ಲ. ಇದು ನನಗೆ ಸಂಬಂಧಪಟ್ಟ ಮಾತು ಅಂತ ಹೇಳುತ್ತಿಲ್ಲ, ನಿಜವಾಗಿಯೂ ಹಾಗೆ ಅನ್ನಿಸುತ್ತದೆ.

ಬುಧವಾರ ರಾತ್ರಿ ಡ್ರಮ್ಮರ್ ಹತ್ತಿರ ನಂಬರ್ ತೆಗೆದುಕೊಂಡು ಅವನಿಗೆ ಫೋನ್ ಮಾಡಿದೆ. ಅಷ್ಟು ದಿನ ಅವನ ಕೋಣೆಯಲ್ಲಿ ಕೂತಿದ್ದೇನೆ, ಅವನ ಅಮ್ಮನ ಕೈಯ ಚಹಾ ಕುಡಿದಿದ್ದೇನೆ, ಅವನ ಜೊತೆ ಒಂದು ಮಾತೂ ಆಡಿರಲಿಲ್ಲ. ನಮಗೆ ಹತ್ತೂವರೆ, ಅಲ್ಲಿ ಒಂಬತ್ತು. ಊಟಕ್ಕೆ ಕೂತಿದ್ದ. ಆ ತುಳು ಹಾಡಿನ ಕೊನೆಯಲ್ಲಿ ನೀವು ಸರಿಯಾಗಿ ಎಂತ ನುಡಿಸ್ತಿದ್ರಿ ಅಂತ ಕೇಳಿದೆ.

ಬಾಯಲ್ಲೇ ಹಾಡಿ ನೋಡಿದ. ನಿಲ್ಲಿಸಿದ. ಮತ್ತೆ ಮೊದಲಿನಿಂದ ಹಾಡಿದ.

“ನೆನಪಾಗ್ತಾ ಇಲ್ಲ ಮಾರಾಯ. ಒಂದೊಂದು ಸಲ ಒಂದೊಂದು ನುಡಿಸ್ತಿದ್ದೆ ಅಂತ ಕಾಣ್ತದೆ. ನೀನು ಎಂತ ನುಡಿಸ್ತಿದ್ದಿ ಈಗ?”

ಹೇಳಿದೆ. “ಹಾಗೇ ಇರ್ಲಿ” ಅಂದ.

ಆಮೇಲೆ ಶನಿವಾರದ ಹುಡುಗನ ವಿಷಯ ಹೇಳಿದೆ. ಹೇಳಬೇಕು ಅಂತ ಫೋನ್ ಮಾಡಿದ್ದಲ್ಲ, ಬಾಯಿಗೆ ಬಂತು. ಅವನು ತುಂಬಾ ಹೊತ್ತು ಸುಮ್ಮನಿದ್ದ. ಹಿಂದೆ ಯಾರೋ ಪಾತ್ರೆ ತೊಳೆಯುವ ಶಬ್ದ.

“ಯಾವ ಟೀ ಶರ್ಟ್? ಕಪ್ಪಾ?”

“ಹೌದು. ಅಕ್ಷರ ಎಲ್ಲ ಹೋಗಿದೆ.”

“ಅದು ಮೊದಲ ಶೋಗೆ ಮಾಡಿಸಿದ್ದು. 30 ಮಾತ್ರ ಮಾಡಿಸಿದ್ವಿ.” ಮತ್ತೆ ಸುಮ್ಮನಾದ. “ಅವನು ಎಂತ ಕೇಳಿದ್ದು? ಅವನು ಹೇಳಿದ ಹಾಗೇ ಇನ್ನೊಮ್ಮೆ ಹೇಳು.”

“ಆರ್ ಏಪ ಬರ್ಪೆರ್” ಅಂತ ಹೇಳಿದೆ.