ಸಹಿ ಹಾಕುವ ಮೊದಲು ಜಾಬ್ ಕಾರ್ಡ್ ಓದಿ

ಹುಬ್ಬಳ್ಳಿಯ ಒಂದು ಕಾರ್ ಡೀಲರ್ ವರ್ಕ್‌ಶಾಪ್‌ನಲ್ಲಿ ವಾರಂಟಿ ಕ್ಲೇಮ್ ನೋಡಿಕೊಳ್ಳುವುದು ನನ್ನ ಕೆಲಸ. ಮೊದಲು ಗ್ರಾಹಕರ ದೂರು ಕೇಳಿ ಬರೆದುಕೊಳ್ಳುವ ಸರ್ವೀಸ್ ಅಡ್ವೈಸರ್ ಆಗಿದ್ದೆ. ಎರಡೂ ಕಡೆ ಕೆಲಸ ಮಾಡಿದ ಮೇಲೆ ಒಂದು ಮಾತು ಖಾತ್ರಿಯಾಗಿದೆ. ವಾರಂಟಿ ಸಿಗುತ್ತೋ ಇಲ್ಲವೋ ಅನ್ನುವುದು ಎಷ್ಟೋ ಸಲ ಬಾನೆಟ್ ಎತ್ತುವ ಮೊದಲೇ, ಜಾಬ್ ಕಾರ್ಡ್, ಅಂದರೆ ಕಾರು ಬಿಡುವಾಗ ನಿಮ್ಮ ದೂರು ಬರೆದು ಸಹಿ ಹಾಕಿಸಿಕೊಳ್ಳುವ ಹಾಳೆ, ಬರೆಯುವಾಗಲೇ ತೀರ್ಮಾನವಾಗಿರುತ್ತದೆ.

ಯಾಕೆ ಹೀಗೆ ಅಂತ ತಿಳಿಯಲು ದುಡ್ಡು ಎಲ್ಲಿಂದ ಬರುತ್ತದೆ ಅಂತ ನೋಡಬೇಕು. ವಾರಂಟಿಯಲ್ಲಿ ಪಾರ್ಟ್ ಬದಲಾಯಿಸಿದರೆ ನೀವು ದುಡ್ಡು ಕೊಡಬೇಕಾಗಿಲ್ಲ. ಆದರೆ ಪಾರ್ಟ್‌ನ ಬೆಲೆ, ಮೆಕ್ಯಾನಿಕ್‌ನ ಸಮಯ ಎರಡನ್ನೂ ಮೊದಲು ಡೀಲರ್ ಹಾಕಿರುತ್ತಾನೆ. ಆಮೇಲೆ ಆ ದುಡ್ಡು ವಾಪಸ್ ಕೊಡಿ ಅಂತ ಕಾರು ತಯಾರಿಸಿದ ಕಂಪನಿಗೆ ಕ್ಲೇಮ್ ಕಳಿಸುತ್ತೇವೆ. ಜಾಬ್ ಕಾರ್ಡ್, ಕಿಲೋಮೀಟರ್, ಫೋಟೋ, ಸ್ಕ್ಯಾನರ್ ರಿಪೋರ್ಟ್ ಜೊತೆಗಿರಬೇಕು. ಹಳೆಯ ಪಾರ್ಟ್‌ಗೆ ಟ್ಯಾಗ್ ಕಟ್ಟಿ ಇಟ್ಟಿರಬೇಕು. ಒಂದೊಂದು ಕೆಲಸಕ್ಕೆ ಇಷ್ಟೇ ಸಮಯ ಅಂತ ಕಂಪನಿಯೇ ಗೊತ್ತು ಮಾಡಿರುತ್ತದೆ, ಅಷ್ಟಕ್ಕೆ ಮಾತ್ರ ಲೇಬರ್ ಕೊಡುತ್ತದೆ. ಬರೆದ ದೂರಿಗೂ ಬದಲಾಯಿಸಿದ ಪಾರ್ಟ್‌ಗೂ ತಾಳೆಯಾಗದಿದ್ದರೆ ಕ್ಲೇಮ್ ರಿಜೆಕ್ಟ್ ಆಗುತ್ತದೆ. ಆ ನಷ್ಟ ಡೀಲರ್ ತಲೆ ಮೇಲೆ. ಅಡ್ವೈಸರ್ ‘ನೋಡೋಣ ಸರ’ ಅಂತ ಹಿಂದೆ ಮುಂದೆ ನೋಡುವುದು ಇದೇ ಭಯಕ್ಕೆ.

ಹಾವೇರಿ ಕಡೆಯ ಒಬ್ಬ ನಿವೃತ್ತ ಮೇಷ್ಟ್ರ ಕಾರಿನ ವಿಷಯ ಹೇಳುತ್ತೇನೆ. ಮುಂದಿನ ಎಡಗಡೆಯಿಂದ ಕಟಕಟ ಶಬ್ದ. ಕಾರ್ಡ್‌ನಲ್ಲಿ ಬರೆದಿದ್ದು ‘ಮುಂದೆ ಶಬ್ದ, ಚೆಕ್ ಮಾಡಿ’ ಅಂತ ಅಷ್ಟೇ. ಟೆಕ್ನೀಷಿಯನ್ ಬೈಪಾಸ್‌ನಲ್ಲಿ ನೇರವಾಗಿ ಓಡಿಸಿ ಬಂದ. ಶಬ್ದ ಬರಲಿಲ್ಲ. ‘ತೊಂದರೆ ಕಂಡಿಲ್ಲ’ ಅಂತ ಬರೆದು ಕಾರು ವಾಪಸ್ ಕೊಟ್ಟರು. ಮುಂದಿನ ಸಲವೂ ಅದೇ ಕಥೆ. ಮೇಷ್ಟ್ರು ಬೇಸರದಿಂದ ನನ್ನ ಟೇಬಲ್ಲಿಗೆ ಬಂದು, “ನಾ ಓಡಿಸಿದಾಗ ಬರ್ತೈತಿ, ನಿಮ್ಮವರು ಓಡಿಸಿದಾಗ ಬರಂಗಿಲ್ಲ ನೋಡ್ರಿ” ಅಂದರು. ಯಾವಾಗ ಬರುತ್ತದೆ ಅಂತ ಕೇಳಿದೆ. “ಮನಿ ಮುಂದ ಗಾಡಿ ತಿರುಗಸಬೇಕಾದ್ರ, ಸ್ಟೇರಿಂಗ್ ಪೂರ್ತಿ ಎಡಕ್ಕ ಎಳದಾಗ.” ಸಿಕ್ಕಿತಲ್ಲ! ಹಿಂದಿನ ಅಂಗಳದಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಸುತ್ತು ಹಾಕಿಸಿದೆವು. ಶಬ್ದ ಸ್ಪಷ್ಟವಾಗಿ ಕೇಳಿಸಿತು. ಚಕ್ರ ತಿರುಗಿಸುವ ಡ್ರೈವ್ ಶಾಫ್ಟ್‌ನ ಜಾಯಿಂಟ್ ಸವೆದಿತ್ತು. ಅದು ನೇರ ರಸ್ತೆಯಲ್ಲಿ ಸುಮ್ಮನಿರುತ್ತದೆ, ಪೂರ್ತಿ ತಿರುಗಿಸಿದಾಗ ಸದ್ದು ಮಾಡುತ್ತದೆ.

ಅಷ್ಟರಲ್ಲಿ ವಾರಂಟಿ ಮುಗಿದಿತ್ತು. ಆದರೆ ಮೊದಲ ಕಾರ್ಡ್ ವಾರಂಟಿ ಒಳಗಿನದು. ‘ಮುಂದೆ ಶಬ್ದ’ ಅನ್ನುವ ಆ ಬಡಕಲು ಸಾಲಾದರೂ ಅದರಲ್ಲಿತ್ತು. ಮೇಷ್ಟ್ರು ಆ ಕಾರ್ಡ್‌ನ ಪ್ರತಿಯನ್ನು ಜೋಪಾನವಾಗಿ ಇಟ್ಟಿದ್ದರು. ಅದನ್ನು ತೋರಿಸಿ ಕಂಪನಿಯ ಒಪ್ಪಿಗೆ ತಂದೆವು. ಆ ಸಾಲು ಇಲ್ಲದಿದ್ದರೆ ನಾನು ಕೇಳುವುದಕ್ಕೂ ದಾರಿ ಇರಲಿಲ್ಲ.

ಆದ್ದರಿಂದ ಅಡ್ವೈಸರ್ ಟ್ಯಾಬ್‌ನಲ್ಲಿ ಬರೆದಿದ್ದನ್ನು ಓದಿಸಿಕೊಳ್ಳಿ. ‘ಜನರಲ್ ಚೆಕಪ್’ ಅಂತಿದ್ದರೆ ಸಹಿ ಹಾಕಬೇಡಿ. ಇಂಜಿನ್ ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ಎಷ್ಟು ಸ್ಪೀಡಿನಲ್ಲಿ, ಎಸಿ ಹಾಕಿದಾಗಲೋ, ಬ್ರೇಕ್ ಒತ್ತಿದಾಗಲೋ, ಎಲ್ಲವನ್ನೂ ನಿಮ್ಮ ಮಾತಿನಲ್ಲೇ ಬರೆಸಿ. ಪಾರ್ಟ್ ಹೆಸರು ಹೇಳುವುದು ಬೇಡ. ‘ಸಸ್ಪೆನ್ಷನ್ ಹೋಗಿದೆ’ ಅಂದರೆ ಅದೊಂದನ್ನೇ ನೋಡಿ ಬಿಡುವ ಸಾಧ್ಯತೆ ಜಾಸ್ತಿ. ಮೊಬೈಲ್‌ನಲ್ಲಿ ಶಬ್ದದ ವಿಡಿಯೋ ಇದ್ದರೆ ಇನ್ನೂ ಒಳ್ಳೆಯದು. ಆಗಾಗ ಬಂದು ಹೋಗುವ ತೊಂದರೆಯಾದರೆ ಟೆಕ್ನೀಷಿಯನ್ ಪಕ್ಕದಲ್ಲಿ ಕೂತು ರೋಡ್ ಟೆಸ್ಟ್ ಮಾಡಿಸಿ. ಕೇಳಿದರೆ ಸಾಮಾನ್ಯವಾಗಿ ಯಾರೂ ಬೇಡ ಅನ್ನುವುದಿಲ್ಲ. ಇನ್ನೊಂದು ಮಾತು, ಇಂಜಿನ್ ಲೈಟ್ ಉರಿದರೆ ಬ್ಯಾಟರಿ ಟರ್ಮಿನಲ್ ತೆಗೆದು ಹಾಕಬೇಡಿ. ಎಷ್ಟೋ ಕಾರುಗಳಲ್ಲಿ ದಾಖಲಾದ ದೋಷದ ಕೋಡ್ ಅಳಿಸಿಹೋಗುತ್ತದೆ, ನಮಗೆ ಹುಡುಕಲು ಏನೂ ಉಳಿಯುವುದಿಲ್ಲ.

ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ವೈಪರ್, ಫಿಲ್ಟರ್ ಸವೆಯುವ ವಸ್ತುಗಳು, ಸಾಮಾನ್ಯವಾಗಿ ವಾರಂಟಿಯಲ್ಲಿ ಬರುವುದಿಲ್ಲ. ಟೈರ್, ಬ್ಯಾಟರಿಯ ವಾರಂಟಿ ಹೆಚ್ಚಾಗಿ ಅವುಗಳ ಕಂಪನಿಯದೇ. ಹೊರಗೆ ವೈರ್ ಕತ್ತರಿಸಿ ಲೈಟ್, ಮ್ಯೂಸಿಕ್ ಸಿಸ್ಟಂ ಹಾಕಿಸಿದ್ದರೆ ವೈರಿಂಗ್ ಕ್ಲೇಮ್ ಒಪ್ಪಿಸುವುದು ಬಹಳ ಕಷ್ಟ.

ಹೊರಗಿನ ಗ್ಯಾರೇಜ್‌ಗೆ ಒಮ್ಮೆ ಹೋದರೂ ವಾರಂಟಿ ಪೂರ್ತಿ ಹೋಯಿತು ಅನ್ನುವ ಮಾತು ಬಹಳ ಕೇಳುತ್ತೇನೆ. 2014ರ ಆಗಸ್ಟ್‌ನಲ್ಲಿ ಮಾರುಕಟ್ಟೆಯ ಪೈಪೋಟಿ ನ್ಯಾಯವಾಗಿದೆಯೇ ಅಂತ ನೋಡುವ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ದಂಡ ಹಾಕಿದಾಗ ಈ ವಿಷಯವನ್ನೂ ಹೇಳಿತ್ತು. ಹೊರಗಿನ ಕೆಲಸದಿಂದ ಆದ ಹಾನಿಯ ಮಟ್ಟಿಗೆ ವಾರಂಟಿ ನಿರಾಕರಿಸಬಹುದು, ಸಾರಾಸಗಟಾಗಿ ರದ್ದು ಮಾಡುವಂತಿಲ್ಲ ಅಂತ. ಕಂಪನಿಗಳು ಅದರ ವಿರುದ್ಧ ಮೇಲಿನ ಹಂತಕ್ಕೆ ಹೋದವು. ಹಾಗಾಗಿ ಕೌಂಟರ್‌ನಲ್ಲಿ ಆ ಆದೇಶ ಓದಿ ಹೇಳಿದರೆ ಕೆಲಸವಾಗುತ್ತದೆ ಅಂತ ನಾನು ಹೇಳಲಾರೆ. ಹೊರಗೆ ಆಯಿಲ್ ಬದಲಾಯಿಸಿದ್ದರೆ ಯಾವ ಗ್ರೇಡ್ ಅಂತ ಬರೆದಿರುವ ಬಿಲ್ ಇಟ್ಟುಕೊಳ್ಳಿ. ಅದು ಇದ್ದರೆ ನಿಮ್ಮ ಪರವಾಗಿ ವಾದಿಸಲು ನನ್ನಂಥವರಿಗೂ ಅನುಕೂಲ.

ಕ್ಲೇಮ್ ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ. ಬಾಯಿಮಾತಿನ ‘ಆಗಲ್ಲ’ ಸಾಲದು. ಕಂಪನಿಗೆ ಇಮೇಲ್ ಮಾಡಿ. ಅಲ್ಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಕೊಡಬೇಕು.

ಕೆಲಸ ಆಗಿ ಕಾರು ಒಯ್ಯುವಾಗ ಸೊನ್ನೆ ರೂಪಾಯಿ ಬಿಲ್ ಆದರೂ ತೆಗೆದುಕೊಳ್ಳಿ. ದುಡ್ಡು ಕೊಡಬೇಕಾಗಿಲ್ಲವಲ್ಲ ಅಂತ ಬಹಳ ಜನ ಹಾಗೇ ಹೋಗಿಬಿಡುತ್ತಾರೆ. ಬದಲಾದ ಪಾರ್ಟ್ ಯಾವುದು, ಯಾವ ತಾರೀಕು, ಎಷ್ಟು ಕಿಲೋಮೀಟರ್ ಅನ್ನುವುದು ಅದರಲ್ಲಿರುತ್ತದೆ. ಅದೇ ಪಾರ್ಟ್ ಮತ್ತೆ ಕೆಟ್ಟರೆ ನಾನು ಮೊದಲು ಕೇಳುವುದು ಆ ಬಿಲ್ಲನ್ನೇ.